ಒಂದೇ ಹೆಸರು, ಎರಡು ಕ್ಷೇತ್ರ: ಪಾಲಿಮರ್ ಮತ್ತು ಕಂಪ್ಯೂಟರ್ ವಿಷನ್ ಎರಡರಲ್ಲೂ ಪೇಪರ್ ಇರುವ ವಿಜ್ಞಾನಿಯ ಪ್ರೊಫೈಲ್ ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬ ವಿಜ್ಞಾನಿಯ ಪ್ರೊಫೈಲ್ ತೆರೆಯುತ್ತೀರಿ. ಮೊದಲ ಸಾಲಿನಲ್ಲಿ ಬ್ಲಾಕ್ ಕೋಪಾಲಿಮರ್ ಬಗ್ಗೆ, ಅಂದರೆ ಒಂದು ಬಗೆಯ ಪಾಲಿಮರ್ (ಪ್ಲಾಸ್ಟಿಕ್, ರಬ್ಬರ್ ಥರದ ಉದ್ದ ಸರಪಳಿಯ ಅಣು) ಬಗ್ಗೆ ಒಂದು ಪೇಪರ್. ಅದರ ಕೆಳಗೇ ಕಂಪ್ಯೂಟರ್ ವಿಷನ್, ಅಂದರೆ ಕಂಪ್ಯೂಟರ್‌ಗೆ ಚಿತ್ರ ಅರ್ಥ ಮಾಡಿಸುವ ಕ್ಷೇತ್ರದ ಪೇಪರ್: ಫೋಟೋದಲ್ಲಿ ನಡೆದುಹೋಗುವವರನ್ನು ಗುರುತಿಸುವುದು. ಪಕ್ಕದಲ್ಲಿ ದೊಡ್ಡದೊಂದು ಸೈಟೇಶನ್ ಸಂಖ್ಯೆ, ಅಂದರೆ ಬೇರೆ ಪೇಪರ್‌ಗಳು ಇವನ್ನು ಎಷ್ಟು ಸಲ ಉಲ್ಲೇಖಿಸಿವೆ ಎಂಬ ಲೆಕ್ಕ. ಇಂಥ ಪ್ರೊಫೈಲ್‌ಗಳನ್ನು ನಾನು ತುಂಬಾ ನೋಡಿದ್ದೇನೆ. ಅವುಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಅಲ್ಲಲ್ಲಿ ನನ್ನ ಅಭಿಪ್ರಾಯವೂ ಇದೆ, ಅದನ್ನು ಮುಚ್ಚಿಟ್ಟಿಲ್ಲ.

ಇಷ್ಟು ದೂರದ ಎರಡು ಕ್ಷೇತ್ರಗಳಲ್ಲಿ ಒಬ್ಬರೇ ಕೆಲಸ ಮಾಡಲು ಸಾಧ್ಯವಾ?

ಸಾಧ್ಯ. ನೋಡಲು ದೂರ ಅನ್ನಿಸಿದರೂ ನಡುವೆ ದಾರಿಗಳಿವೆ. ಎರಡು ಪಾಲಿಮರ್‌ಗಳನ್ನು ಬೆರೆಸಿದರೆ ಅವು ಸಾಮಾನ್ಯವಾಗಿ ಪೂರ್ತಿ ಬೆರೆಯುವುದಿಲ್ಲ. ಒಂದರೊಳಗೆ ಇನ್ನೊಂದು ಹನಿಹನಿಯಾಗಿ ಉಳಿದುಕೊಳ್ಳುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಆ ಹನಿಗಳ ಗಾತ್ರ ಅಳೆಯಬೇಕು. ಹಿಂದೆ ವಿದ್ಯಾರ್ಥಿಗಳು ಕೂತು ಒಂದೊಂದಾಗಿ ಗುರುತು ಹಾಕುತ್ತಿದ್ದರು. ಈಗ ಅದು ಚಿತ್ರವನ್ನು ಭಾಗ ಮಾಡುವ ನ್ಯೂರಲ್ ನೆಟ್‌ವರ್ಕ್‌ನ ಕೆಲಸ. ಪ್ಲಾಸ್ಟಿಕ್ ಹಾಳೆ ಯಂತ್ರದಿಂದ ಹೊರಬರುವಾಗ ಕ್ಯಾಮೆರಾದಲ್ಲಿ ದೋಷ ಹಿಡಿಯುವುದು, ನೀರಿನ ಮಾದರಿಯಲ್ಲಿ ಮೈಕ್ರೋಪ್ಲಾಸ್ಟಿಕ್ ಎಣಿಸುವುದು, ಮೃದುವಾದ ರೋಬೋಟ್ ಕೈ ಎಷ್ಟು ಬಾಗಿತು ಅಂತ ವಿಡಿಯೋದಿಂದ ತಿಳಿಯುವುದು, ಎಲ್ಲವೂ ಇದೇ ದಾರಿಯವು.

ಹಾಗಿದ್ದರೂ ಪ್ರೊಫೈಲ್‌ನಲ್ಲಿ ಈ ಸೇತುವೆಯ ಪೇಪರ್ ಒಂದೂ ಇಲ್ಲದೆ, ಒಂದು ಕಡೆ ಶುದ್ಧ ಪಾಲಿಮರ್ ರಸಾಯನ, ಇನ್ನೊಂದು ಕಡೆ ಶುದ್ಧ ಮುಖ ಗುರುತಿಸುವಿಕೆ ಮಾತ್ರ ಇದ್ದರೆ ನನಗೆ ಮೊದಲು ಬರುವುದು ಅನುಮಾನವೇ.

ಯಾವ ಅನುಮಾನ?

ಇದು ಒಬ್ಬರ ಪ್ರೊಫೈಲ್ ಅಲ್ಲ, ಇಬ್ಬರದು ಅಂತ.

ಒಂದೇ ಹೆಸರಿನ ಬೇರೆ ಬೇರೆ ವಿಜ್ಞಾನಿಗಳ ಪೇಪರ್‌ಗಳು ಒಂದೇ ಪುಟದಲ್ಲಿ ಬೆರೆತುಹೋಗುವುದು ಅಪರೂಪವೇನಲ್ಲ. ಪೇಪರ್ ಮೇಲೆ ಪೂರ್ತಿ ಹೆಸರು ಬದಲು ಒಂದು ಇನಿಷಿಯಲ್ ಮತ್ತು ಎಲ್ಲೆಡೆ ಸಿಗುವ ಒಂದು ಮನೆತನದ ಹೆಸರು ಇದ್ದರೆ ಸಾಕು, ಯಂತ್ರಕ್ಕೆ ಗೊಂದಲ ಶುರು. ಪೇಪರ್‌ಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಹೊಸ ಪೇಪರ್‌ಗಳು ಪ್ರೊಫೈಲ್‌ಗೆ ತಾವಾಗಿಯೇ ಸೇರಿಕೊಳ್ಳುವ ವ್ಯವಸ್ಥೆ ಇದೆ. ಪ್ರೊಫೈಲ್‌ನ ಒಡೆಯರು ವರ್ಷಗಟ್ಟಲೆ ಆ ಕಡೆ ತಿರುಗಿ ನೋಡದಿದ್ದರೆ ಬೇರೆಯವರ ಪೇಪರ್‌ಗಳು ಸದ್ದಿಲ್ಲದೆ ಒಳಗೆ ಬಂದು ಕೂರುತ್ತವೆ. ಸಂಖ್ಯೆ ಏರುತ್ತದೆ. ಏರುವ ಸಂಖ್ಯೆಯ ಬಗ್ಗೆ ದೂರು ಕೊಡುವವರು ಕಡಿಮೆ, ಅಲ್ವಾ?

ಒಬ್ಬರಾ ಇಬ್ಬರಾ ಅಂತ ಕಂಡುಹಿಡಿಯುವುದು ಹೇಗೆ?

ನಾನು ಮೊದಲು ನೋಡುವುದು ಸಹಲೇಖಕರನ್ನು. ನಿಜವಾಗಿ ಒಬ್ಬರೇ ಆಗಿದ್ದರೆ ಎರಡೂ ಕಡೆ ಒಬ್ಬರೋ ಇಬ್ಬರೋ ಸಹಲೇಖಕರು ಸಾಮಾನ್ಯವಾಗಿ ಸಿಗುತ್ತಾರೆ. ಪಾಲಿಮರ್ ಪೇಪರ್‌ಗಳ ಗುಂಪೇ ಬೇರೆ, ವಿಷನ್ ಪೇಪರ್‌ಗಳ ಗುಂಪೇ ಬೇರೆ, ನಡುವೆ ಒಬ್ಬರೂ ಇಲ್ಲ ಅಂದರೆ ಮುಂದಿನ ಹೆಜ್ಜೆಗೆ ಹೋಗುತ್ತೇನೆ.

ಆಮೇಲೆ ಸಂಸ್ಥೆ ಮತ್ತು ವರ್ಷ. ಒಂದೇ ವರ್ಷ ಒಂದು ಖಂಡದ ರಸಾಯನ ವಿಭಾಗ, ಇನ್ನೊಂದು ಖಂಡದ ಕಂಪ್ಯೂಟರ್ ವಿಭಾಗ. ಒಂದು ವರ್ಷಕ್ಕೆ ಹೀಗಾದರೆ ಸರಿ, ರಜೆಯ ಮೇಲೆ ಹೋಗಿರಬಹುದು. ಹತ್ತು ವರ್ಷ ಹೀಗೇ ಇದ್ದರೆ ಅವರು ಇಬ್ಬರು.

ಮೂರನೆಯದು ನನಗೆ ಬಹಳ ಇಷ್ಟವಾದದ್ದು: ಸಂಕ್ಷಿಪ್ತ ಹೆಸರುಗಳು. ಈ ಎರಡು ಕ್ಷೇತ್ರಗಳು ತಮಗೆ ಗೊತ್ತಿಲ್ಲದೆಯೇ ಒಂದೇ ಅಕ್ಷರಗಳನ್ನು ಹಂಚಿಕೊಂಡಿವೆ. 'ರಾಫ್ಟ್' ತೆಗೆದುಕೊಳ್ಳಿ. ಪಾಲಿಮರ್‌ನವರಿಗೆ ಅದು ಸರಪಳಿಯ ಉದ್ದವನ್ನು ಹತೋಟಿಯಲ್ಲಿಟ್ಟು ಬೆಳೆಸುವ ಒಂದು ವಿಧಾನ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ತಂಡ 1998ರಲ್ಲಿ ಆ ಹೆಸರಿನಲ್ಲಿ ಪ್ರಕಟಿಸಿದ್ದು. ವಿಷನ್‌ನವರಿಗೆ ಅದು 2020ರಲ್ಲಿ ಬಂದ, ವಿಡಿಯೋದ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಪ್ರತಿ ಚುಕ್ಕೆ ಎತ್ತ ಸರಿಯಿತು ಅಂತ ಅಂದಾಜು ಮಾಡುವ ನ್ಯೂರಲ್ ಜಾಲ. 'ಪಿಸಿಎಲ್' ಅಂದರೆ ಒಬ್ಬರಿಗೆ ಪಾಲಿಕ್ಯಾಪ್ರೊಲ್ಯಾಕ್ಟೋನ್, ದೇಹದೊಳಗೆ ನಿಧಾನವಾಗಿ ಕರಗುವ ಪ್ಲಾಸ್ಟಿಕ್. ಇನ್ನೊಬ್ಬರಿಗೆ ಪಾಯಿಂಟ್ ಕ್ಲೌಡ್ ಲೈಬ್ರರಿ, ಮೂರು ಆಯಾಮದ ಚುಕ್ಕೆಗಳನ್ನು ಸಂಭಾಳಿಸುವ ಸಾಫ್ಟ್‌ವೇರ್. 'ಸ್ಯಾಮ್' ಒಂದು ಕಡೆ ಮೇಲ್ಮೈ ಮೇಲೆ ತಾನಾಗಿಯೇ ಜೋಡಿಸಿಕೊಳ್ಳುವ ಒಂದೇ ಅಣುವಿನ ದಪ್ಪದ ಪದರ, ಇನ್ನೊಂದು ಕಡೆ ಮೆಟಾ ಕಂಪನಿ 2023ರಲ್ಲಿ ಬಿಟ್ಟ, ಚಿತ್ರವನ್ನು ಭಾಗ ಭಾಗವಾಗಿ ಬೇರ್ಪಡಿಸುವ ಮಾಡೆಲ್. 'ನೆಟ್‌ವರ್ಕ್' ಎಂಬ ಪದದ ಕಥೆಯೂ ಅಷ್ಟೇ. ರಬ್ಬರ್‌ನೊಳಗಿನ ಸರಪಳಿಗಳ ಹೆಣಿಗೆಯೂ ನೆಟ್‌ವರ್ಕ್, ನ್ಯೂರಲ್ ಜಾಲವೂ ನೆಟ್‌ವರ್ಕ್.

ಶೀರ್ಷಿಕೆ ನೋಡಿ ವಿಷಯ ಗುರುತಿಸುವ ಯಂತ್ರ ಇಲ್ಲಿ ಎಡವುತ್ತದೆ. ಮನುಷ್ಯರೂ ಎಡವುತ್ತಾರೆ. ಒಮ್ಮೆ ನಾನೇ ಒಂದು ಪಿಸಿಎಲ್ ಪೇಪರನ್ನು ಮೂಳೆ ಕಸಿಯ ಪ್ಲಾಸ್ಟಿಕ್ ಬಗ್ಗೆ ಅಂದುಕೊಂಡು ಪಾಲಿಮರ್ ಪಟ್ಟಿಗೆ ಹಾಕಿದ್ದೆ. ಸಾರಾಂಶದ ಎರಡನೇ ಸಾಲಿನಲ್ಲಿ 'ಲೇಸರ್ ಸ್ಕ್ಯಾನರ್' ಕಾಣಿಸಿದಾಗ ನಾಚಿಕೆಯಾಯಿತು. ಅಂದಿನಿಂದ ಸಾರಾಂಶ ಓದದೆ ಯಾವ ಪೇಪರನ್ನೂ ಯಾವ ಪಟ್ಟಿಗೂ ಸೇರಿಸುವುದಿಲ್ಲ.

ಆರ್ಕಿಡ್ ಸಂಖ್ಯೆ ಇದ್ದರೆ ಈ ತೊಂದರೆ ಇರುವುದಿಲ್ಲ ಅಲ್ವಾ?

ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆರ್ಕಿಡ್ 2012ರಲ್ಲಿ ಶುರುವಾದದ್ದು. ಪ್ರತಿ ಸಂಶೋಧಕರಿಗೂ 16 ಅಕ್ಷರದ ಒಂದು ಗುರುತು, ನಾಲ್ಕು ನಾಲ್ಕಾಗಿ ಬಿಡಿಸಿ ಬರೆಯುತ್ತಾರೆ. ಹೆಸರು ಬದಲಾದರೂ, ಕೆಲಸ ಬದಲಾದರೂ ಅದು ಬದಲಾಗುವುದಿಲ್ಲ. ಆದರೆ ಹಳೆಯ ಪೇಪರ್‌ಗಳಲ್ಲಿ ಅದು ಇರುವುದಿಲ್ಲ, ಸಂಶೋಧಕರೇ ಕೂತು ಸೇರಿಸಬೇಕು. ಎಷ್ಟೋ ಜನ ಸಂಖ್ಯೆ ಮಾಡಿಸಿಕೊಂಡು ಪುಟವನ್ನು ಖಾಲಿ ಬಿಟ್ಟಿರುತ್ತಾರೆ.

ಎಚ್-ಇಂಡೆಕ್ಸ್ ಅಂದರೆ ಏನು? ಸುಲಭವಾಗಿ ಹೇಳಿ.

2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಸೂಚಿಸಿದ ಲೆಕ್ಕ. ಪೇಪರ್‌ಗಳನ್ನು ಸೈಟೇಶನ್ ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಜೋಡಿಸಿ. ಮೇಲಿನಿಂದ ಎಣಿಸುತ್ತಾ ಬನ್ನಿ. 10ನೇ ಪೇಪರ್‌ಗೆ ಕನಿಷ್ಠ 10 ಸೈಟೇಶನ್ ಇದೆ, 11ನೆಯದಕ್ಕೆ 11 ಇಲ್ಲ ಅಂದರೆ ಎಚ್-ಇಂಡೆಕ್ಸ್ 10. ಅಷ್ಟೇ. ಗೂಗಲ್ ಸ್ಕಾಲರ್‌ನಲ್ಲಿ ಪಕ್ಕದಲ್ಲೇ ಕಾಣುವ ಐ10 ಇನ್ನೂ ಸುಲಭ: ಕನಿಷ್ಠ 10 ಸೈಟೇಶನ್ ಇರುವ ಪೇಪರ್‌ಗಳು ಎಷ್ಟು ಅಂತ.

ಎರಡು ಕ್ಷೇತ್ರದ ಪೇಪರ್ ಸೇರಿಸಿದರೆ ಎಚ್-ಇಂಡೆಕ್ಸ್ ಎರಡೂ ಕೂಡಿದಷ್ಟಾಗುತ್ತದಾ?

ಇಲ್ಲ. ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಒಂದು ಚಿಕ್ಕ ಪಟ್ಟಿ ಮಾಡಿ ನೋಡೋಣ, ಪೆನ್ನು ಹಿಡಿದುಕೊಳ್ಳಿ.

ಒಬ್ಬರ ಪಾಲಿಮರ್ ಪೇಪರ್‌ಗಳ ಸೈಟೇಶನ್: 40, 22, 15, 8, 5, 3. ಐದನೆಯದಕ್ಕೆ 5 ಇದೆ, ಆರನೆಯದಕ್ಕೆ 3. ಎಚ್ 5. ಒಟ್ಟು 93.

ವಿಷನ್ ಪೇಪರ್‌ಗಳು: 300, 90, 12, 7, 4, 1. ನಾಲ್ಕನೆಯದಕ್ಕೆ 7, ಐದನೆಯದಕ್ಕೆ 4. ಎಚ್ 4. ಒಟ್ಟು 414.

ಈಗ ಎರಡನ್ನೂ ಬೆರೆಸಿ: 300, 90, 40, 22, 15, 12, 8, 7, 5, 4, 3, 1. ಏಳನೆಯದಕ್ಕೆ 8, ಎಂಟನೆಯದಕ್ಕೆ 7. ಎಚ್ 7. ಒಟ್ಟು 507.

5 ಮತ್ತು 4 ಸೇರಿ 9 ಆಗಲಿಲ್ಲ, 7 ಆಯಿತು. ಎರಡು ಬೇರೆ ಜನರ ಪಟ್ಟಿ ಬೆರೆತರೂ ಇದೇ 7 ಬರುತ್ತದೆ. ಸಂಖ್ಯೆಯ ಮುಖದ ಮೇಲೆ ಅದು ಒಬ್ಬರದಾ ಇಬ್ಬರದಾ ಅಂತ ಬರೆದಿರುವುದಿಲ್ಲ.

ಇನ್ನೊಂದು ತಮಾಷೆ ನೋಡಿ. 300 ಸೈಟೇಶನ್‌ನ ಆ ಒಂದೇ ಪೇಪರ್ ತೆಗೆದುಹಾಕಿ. ಒಟ್ಟು 507ರಿಂದ 207ಕ್ಕೆ ಬಿತ್ತು, ಅರ್ಧಕ್ಕಿಂತ ಜಾಸ್ತಿ ಹೋಯಿತು. ಎಚ್? ಮತ್ತೆ ಎಣಿಸಿ: 90, 40, 22, 15, 12, 8, 7. ಏಳನೆಯದಕ್ಕೆ 7. ಎಚ್ ಹಾಗೇ 7. ಒಟ್ಟು ಸಂಖ್ಯೆ ಒಂದೇ ಪೇಪರ್‌ನ ಬೆನ್ನೇರಿ ಹೋಗುತ್ತದೆ, ಎಚ್ ಅದನ್ನು ಗಮನಿಸುವುದೇ ಇಲ್ಲ. ಎರಡರಲ್ಲಿ ಒಂದನ್ನೇ ನೋಡಿ ತೀರ್ಮಾನಕ್ಕೆ ಬರುವವರಿಗೆ ನಾನು ಈ ಪಟ್ಟಿಯನ್ನೇ ಬರೆದು ತೋರಿಸುತ್ತೇನೆ.

ಅದೇ ವ್ಯಕ್ತಿಯ ವಿಷನ್ ಪೇಪರ್‌ಗೆ ನೂರಾರು ಸೈಟೇಶನ್, ಪಾಲಿಮರ್ ಪೇಪರ್‌ಗೆ ಹತ್ತಿಪ್ಪತ್ತು. ಪಾಲಿಮರ್ ಕೆಲಸ ಅಷ್ಟು ಚೆನ್ನಾಗಿಲ್ಲ ಅಂತಲಾ?

ಇದೇ ಎಲ್ಲರೂ ಕೇಳುವ ಪ್ರಶ್ನೆ, ಮತ್ತು ಇಲ್ಲೇ ಎಲ್ಲರೂ ತಪ್ಪುವುದು.

ಎರಡು ಕ್ಷೇತ್ರಗಳ ನಡಿಗೆಯೇ ಬೇರೆ. ಪಾಲಿಮರ್ ಕೆಲಸ ಫ್ಲಾಸ್ಕ್‌ನಲ್ಲಿ ಶುರುವಾಗುತ್ತದೆ. ಸರಪಳಿಯ ಕೊಂಡಿಯಾಗುವ ಚಿಕ್ಕ ಅಣು ಮಾನೋಮರ್, ಅದನ್ನು ಶುದ್ಧ ಮಾಡಬೇಕು, ಆಕ್ಸಿಜನ್ ಓಡಿಸಬೇಕು, ಪಾಲಿಮರ್ ಮಾಡಬೇಕು, ಸರಪಳಿಯ ಉದ್ದ ಅಳೆಯಬೇಕು, ಎಳೆದು ಮುರಿದು ನೋಡಬೇಕು. ಒಂದು ಬ್ಯಾಚ್ ಕೆಟ್ಟರೆ ಮತ್ತೆ ಮೊದಲಿಂದ. ಇದನ್ನು ಓದಿದ ಇನ್ನೊಬ್ಬರು ಅದರ ಮೇಲೆ ಕೆಲಸ ಮಾಡಿ ಸೈಟ್ ಮಾಡಬೇಕಾದರೆ ಅವರಿಗೂ ಅಷ್ಟೇ ಸಮಯ ಬೇಕು. ಹೀಗಾಗಿ ಸೈಟೇಶನ್ ನಿಧಾನವಾಗಿ ಬರುತ್ತದೆ, ಆದರೆ ಬಹಳ ವರ್ಷ ಬರುತ್ತಲೇ ಇರುತ್ತದೆ. ಪಾಲಿಮರ್ ವಿಜ್ಞಾನಿ ಪಾಲ್ ಫ್ಲೋರಿ 1940ರ ದಶಕದಲ್ಲಿ ಬರೆದ ಪೇಪರ್‌ಗಳನ್ನು ಇವತ್ತಿಗೂ ಸೈಟ್ ಮಾಡುತ್ತಾರೆ.

ವಿಷನ್‌ನಲ್ಲಿ ಹಾಗಲ್ಲ. ಪೇಪರ್ ಜೊತೆಗೆ ಕೋಡ್ ಬರುತ್ತದೆ. ಬೆಳಿಗ್ಗೆ ಡೌನ್‌ಲೋಡ್ ಮಾಡಿದರೆ ಸಂಜೆಗೆ ನಿಮ್ಮ ಡೇಟಾ ಮೇಲೆ ಓಡಿಸಬಹುದು. ಕಾನ್ಫರೆನ್ಸ್‌ನ ಫಲಿತಾಂಶ ಬರುವ ಮೊದಲೇ ಪೇಪರ್ ಆರ್ಕೈವ್ (arXiv) ಎಂಬ, ಯಾರು ಬೇಕಾದರೂ ಓದಬಹುದಾದ ಜಾಲತಾಣದಲ್ಲಿ ಇರುತ್ತದೆ, ಅಲ್ಲಿಂದಲೇ ಸೈಟ್ ಮಾಡಲು ಶುರು. ಜೊತೆಗೆ ಹೋಲಿಕೆಯ ಕೋಷ್ಟಕ ಎಂಬ ಸಂಪ್ರದಾಯ ಬೇರೆ. ಪ್ರತಿ ಹೊಸ ಪೇಪರ್ ಹಿಂದಿನ ಹತ್ತು ಹದಿನೈದು ವಿಧಾನಗಳ ಜೊತೆ ತನ್ನ ಅಂಕ ಇಟ್ಟು ತೋರಿಸಲೇಬೇಕು. ಆ ಕೋಷ್ಟಕದಲ್ಲಿ ಜಾಗ ಸಿಕ್ಕಿದ ವಿಧಾನಕ್ಕೆ ಸೈಟೇಶನ್ ತಾನಾಗಿಯೇ ಬರುತ್ತದೆ. ಚಿತ್ರ ಗುರುತಿಸುವ ನ್ಯೂರಲ್ ಜಾಲ 'ರೆಸ್‌ನೆಟ್'ನ ಪೇಪರ್ 2015ರ ಕೊನೆಯಲ್ಲಿ ಆರ್ಕೈವ್‌ಗೆ ಬಂತು. ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಅದಕ್ಕೆ ಎರಡು ಲಕ್ಷಕ್ಕಿಂತ ಜಾಸ್ತಿ ಸೈಟೇಶನ್ ಇದೆ. ಅದನ್ನು ಸೈಟ್ ಮಾಡುವವರಲ್ಲಿ ಎಷ್ಟೋ ಜನ ವಿಷನ್‌ನವರೇ ಅಲ್ಲ. ಎಕ್ಸ್‌ರೇ ನೋಡುವವರು, ಬೆಳೆಯ ಎಲೆ ನೋಡುವವರು, ಅಷ್ಟೇ ಯಾಕೆ, ಪಾಲಿಮರ್ ಚಿತ್ರ ನೋಡುವವರೂ ಅದನ್ನು ಬಳಸಿ ಸೈಟ್ ಮಾಡುತ್ತಾರೆ.

ಇನ್ನೊಂದು ಕಡೆ ವಿಷನ್ ಪೇಪರ್‌ಗೆ ವಯಸ್ಸೂ ಬೇಗ ಆಗುತ್ತದೆ. ಹೊಸ ವಿಧಾನ ಬಂದ ಕೂಡಲೇ ಕೋಷ್ಟಕದಿಂದ ಹಳೆಯದು ಉದುರುತ್ತದೆ. ಐದು ವರ್ಷದ ಹಿಂದೆ ಮೆರೆದದ್ದನ್ನು ಇವತ್ತು ಕೇಳುವವರಿಲ್ಲ.

ಹೀಗಿರುವಾಗ 300 ದೊಡ್ಡದು, 40 ಚಿಕ್ಕದು ಅನ್ನುವುದು ಕಿಲೋಮೀಟರ್‌ನೂ ಕಿಲೋಗ್ರಾಂನೂ ಹೋಲಿಸಿದ ಹಾಗೆ.

ಹಾಗಾದರೆ ಹೋಲಿಸುವುದು ಹೇಗೆ?

ಪ್ರತಿ ಪೇಪರನ್ನು ಅದರ ಓರಗೆಯವರ ಜೊತೆ ಮಾತ್ರ ಹೋಲಿಸಬೇಕು. ಅದೇ ಕ್ಷೇತ್ರ, ಅದೇ ವರ್ಷ, ಅದೇ ಬಗೆ. ಪೇಪರ್ ಮತ್ತು ಸೈಟೇಶನ್‌ಗಳ ಡೇಟಾಬೇಸ್ ಆದ ಸ್ಕೋಪಸ್‌ನಲ್ಲಿ ಇದಕ್ಕೊಂದು ಅಳತೆ ಇದೆ, ಎಫ್‌ಡಬ್ಲ್ಯುಸಿಐ (ಫೀಲ್ಡ್-ವೇಟೆಡ್ ಸೈಟೇಶನ್ ಇಂಪ್ಯಾಕ್ಟ್) ಅಂತ. 1 ಬಂದರೆ ಜಗತ್ತಿನ ಸರಾಸರಿಯಷ್ಟು. 2 ಬಂದರೆ ಅದರ ಎರಡು ಪಟ್ಟು.

ಉದಾಹರಣೆಗೆ, 30 ಸೈಟೇಶನ್ ಇರುವ ಪಾಲಿಮರ್ ಪೇಪರ್. ಅದರ ಓರಗೆಯವಕ್ಕೆ ಸರಾಸರಿ 15 ಇದ್ದರೆ ಇದರ ಅಂಕ 2. 60 ಸೈಟೇಶನ್ ಇರುವ ವಿಷನ್ ಪೇಪರ್. ಅದರ ಓರಗೆಯವಕ್ಕೆ ಸರಾಸರಿ 80 ಇದ್ದರೆ ಇದರ ಅಂಕ 0.75. ಬರಿಗಣ್ಣಿಗೆ ದೊಡ್ಡದಾಗಿ ಕಂಡದ್ದು ಸರಾಸರಿಗಿಂತ ಕೆಳಗೆ ಹೋಯಿತು.

ಇದರಲ್ಲೂ ಎರಡು ಕೊರತೆ ಇದೆ. ಈ ಅಳತೆ ಪ್ರಕಟವಾದ ವರ್ಷ ಮತ್ತು ಮುಂದಿನ ಮೂರು ವರ್ಷದ ಸೈಟೇಶನ್ ಮಾತ್ರ ನೋಡುತ್ತದೆ. ನಿಧಾನಕ್ಕೆ ಬೆಳೆಯುವ ಪಾಲಿಮರ್ ಪೇಪರ್‌ಗೆ ಅದು ಸ್ವಲ್ಪ ಅನ್ಯಾಯವೇ. ಎರಡನೆಯದು, ಒಂದು ರಾಕೆಟ್ ಪೇಪರ್ ಇದ್ದರೆ ಆ ವ್ಯಕ್ತಿಯ ಸರಾಸರಿಯೇ ಹಾರಿಹೋಗುತ್ತದೆ. ಅದಕ್ಕೇ ನನಗೆ ಶೇಕಡಾ ಸ್ಥಾನ ಜಾಸ್ತಿ ಇಷ್ಟ. ಈ ಪೇಪರ್ ತನ್ನ ಕ್ಷೇತ್ರದ, ತನ್ನ ವರ್ಷದ ಮೇಲಿನ 10%ರಲ್ಲಿ ಇದೆಯಾ? ಇಷ್ಟು ಕೇಳಿದರೆ ರಾಕೆಟ್‌ಗೂ ಒಂದೇ ಮತ, ಉಳಿದದ್ದಕ್ಕೂ ಒಂದೇ ಮತ.

ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಮೂರೂ ಬೇರೆ ಬೇರೆ ಸಂಖ್ಯೆ ಕೊಡುತ್ತವೆ. ಯಾವುದು ಸರಿ?

ಮೂರೂ ತಮ್ಮ ತಮ್ಮ ಬುಟ್ಟಿಯನ್ನು ಎಣಿಸುತ್ತಿವೆ, ಬುಟ್ಟಿಗಳೇ ಬೇರೆ. ವೆಬ್ ಆಫ್ ಸೈನ್ಸ್‌ನ ಬೇರು ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್‌ನಲ್ಲಿದೆ. ಅದು ಆರಿಸಿ ತೆಗೆದ ಜರ್ನಲ್‌ಗಳ ಲೋಕ. ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಎರಡೂ 2004ರಲ್ಲಿ ಬಂದವು. ಸ್ಕೋಪಸ್ ಸ್ವಲ್ಪ ಅಗಲ. ಗೂಗಲ್ ಸ್ಕಾಲರ್ ಪ್ರೀಪ್ರಿಂಟ್ (ಪರಿಶೀಲನೆಗೆ ಮೊದಲೇ ಹಾಕಿದ ಪೇಪರ್), ಥೀಸಿಸ್, ಸಿಕ್ಕಿದ್ದೆಲ್ಲವನ್ನೂ ಬಾಚಿಕೊಳ್ಳುತ್ತದೆ.

ನಮ್ಮ ಎರಡು ಕ್ಷೇತ್ರದ ವಿಜ್ಞಾನಿಗೆ ಇದು ಮುಖ್ಯ. ಅವರ ಪಾಲಿಮರ್ ಸಂಖ್ಯೆ ಮೂರೂ ಕಡೆ ಹೆಚ್ಚು ಕಡಿಮೆ ಹತ್ತಿರ ಇರುತ್ತದೆ. ವಿಷನ್ ಸಂಖ್ಯೆ ಮಾತ್ರ ಗೂಗಲ್‌ನಲ್ಲಿ ಒಂದು, ವೆಬ್ ಆಫ್ ಸೈನ್ಸ್‌ನಲ್ಲಿ ಇನ್ನೊಂದು, ಕೆಲವೊಮ್ಮೆ ಅರ್ಧಕ್ಕೆ ಅರ್ಧ ವ್ಯತ್ಯಾಸ. ಯಾವುದನ್ನಾದರೂ ಬಳಸಿ, ಆದರೆ ಮೂಲದ ಹೆಸರು ಮತ್ತು ನೋಡಿದ ದಿನಾಂಕ ಬರೆಯಿರಿ. ಪಾಲಿಮರ್‌ಗೆ ಒಂದು ಕಡೆಯಿಂದ, ವಿಷನ್‌ಗೆ ಇನ್ನೊಂದು ಕಡೆಯಿಂದ ತೆಗೆದು ಕೂಡಿಸಬೇಡಿ.

ಕಾನ್ಫರೆನ್ಸ್ ಪೇಪರ್‌ಗೆ ಅಷ್ಟು ಬೆಲೆ ಕೊಡಬಹುದಾ?

ವಿಷನ್‌ನಲ್ಲಿ ಕೊಡಲೇಬೇಕು. ಪಾಲಿಮರ್‌ನವರ ಕಾನ್ಫರೆನ್ಸ್ ಅಂದರೆ ಸಾಮಾನ್ಯವಾಗಿ ಒಂದು ಪುಟದ ಸಾರಾಂಶ, ಒಂದು ಪೋಸ್ಟರ್, ಪರಿಚಯದವರ ಜೊತೆ ಮಾತುಕತೆ. ಅಸಲಿ ಪೇಪರ್ 'ಮ್ಯಾಕ್ರೋಮಾಲಿಕ್ಯೂಲ್ಸ್' ಥರದ ಜರ್ನಲ್‌ಗೆ ಹೋಗುತ್ತದೆ. ವಿಷನ್‌ನವರಿಗೆ ಸಿವಿಪಿಆರ್, ಐಸಿಸಿವಿ, ಇಸಿಸಿವಿ ಕಾನ್ಫರೆನ್ಸ್‌ಗಳೇ ಕೊನೆಯ ನಿಲ್ದಾಣ. ಪೂರ್ತಿ ಪೇಪರ್ ಕಳಿಸಬೇಕು, ಪರಿಶೀಲಕರು ಓದುತ್ತಾರೆ. ಸಿವಿಪಿಆರ್‌ನಲ್ಲಿ ಈಚಿನ ವರ್ಷಗಳಲ್ಲಿ ಕಳಿಸಿದ್ದರಲ್ಲಿ ಸುಮಾರು ಕಾಲು ಭಾಗ ಮಾತ್ರ ಒಪ್ಪಿಗೆಯಾಗುತ್ತಿದೆ. ರಸಾಯನಶಾಸ್ತ್ರದವರೇ ತುಂಬಿರುವ ಆಯ್ಕೆ ಸಮಿತಿಯೊಂದು ಇಂಥ ಪೇಪರ್‌ಗಳನ್ನೆಲ್ಲ 'ಬರೀ ಕಾನ್ಫರೆನ್ಸ್' ಅಂತ ಪಕ್ಕಕ್ಕಿಟ್ಟಿದ್ದನ್ನು ನೋಡಿದ್ದೇನೆ. ಆ ಅಭ್ಯರ್ಥಿಯ ಅರ್ಧ ಬದುಕೇ ಆ ರಾಶಿಯಲ್ಲಿತ್ತು.

ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿದರೆ ಸಾಕಲ್ವಾ?

ಸಾಲದು. ಅದು ಜರ್ನಲ್‌ನ ಸರಾಸರಿ, ಪೇಪರ್‌ನದಲ್ಲ. ಹಿಂದಿನ ಎರಡು ವರ್ಷದ ಪೇಪರ್‌ಗಳಿಗೆ ಈ ವರ್ಷ ಬಂದ ಸೈಟೇಶನ್‌ನ ಲೆಕ್ಕ ಅಷ್ಟೇ. ವಿಷನ್ ಕಾನ್ಫರೆನ್ಸ್‌ಗಳಿಗಂತೂ ಅದು ಇರುವುದೇ ಇಲ್ಲ. ವ್ಯಕ್ತಿಯನ್ನು ಅಳೆಯಲು ಇದನ್ನು ಬಳಸಬೇಡಿ ಅಂತ 2013ರಲ್ಲಿ ಪ್ರಕಟವಾದ ಡೋರಾ ಘೋಷಣೆ ಹೇಳಿದೆ.

ತಮ್ಮ ಪೇಪರನ್ನು ತಾವೇ ಸೈಟ್ ಮಾಡಿಕೊಳ್ಳುವುದು ತಪ್ಪಾ?

ತಪ್ಪಲ್ಲ. ಹೋದ ವರ್ಷ ಮಾಡಿದ ಪಾಲಿಮರ್ ಮೇಲೆ ಈ ವರ್ಷ ಪ್ರಯೋಗ ಮಾಡಿದರೆ ಹೋದ ವರ್ಷದ ಪೇಪರ್ ಹೇಳದೆ ಹೇಗೆ? ಮಿತಿ ಮೀರಿದಾಗ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಸ್ಕೋಪಸ್‌ನಲ್ಲಿ ಸ್ವಂತ ಸೈಟೇಶನ್ ಬಿಟ್ಟು ನೋಡಬಹುದು. ಬಿಟ್ಟ ಮೇಲೆ ಎಚ್ ತೀರಾ ಕುಸಿದರೆ ಪೇಪರ್‌ಗಳನ್ನು ತೆರೆದು ಓದಿ.

ಪಾಲಿಮರ್ ಕಡೆ ಪೇಟೆಂಟ್, ವಿಷನ್ ಕಡೆ ಡೇಟಾಸೆಟ್ ಮತ್ತು ಕೋಡ್. ಇವುಗಳ ಲೆಕ್ಕ ಎಲ್ಲಿ?

ಬಹುಪಾಲು ಎಲ್ಲೂ ಇಲ್ಲ. ಕಾರ್ಖಾನೆಯಲ್ಲಿ ದಿನಾ ಓಡುವ ಅಂಟಿನ ಸೂತ್ರಕ್ಕೆ ಪೇಟೆಂಟ್ ಇರಬಹುದು, ಸೈಟೇಶನ್ ಸೊನ್ನೆ ಇರಬಹುದು. ಡೇಟಾಸೆಟ್ ಅದೃಷ್ಟ ಸ್ವಲ್ಪ ಚೆನ್ನಾಗಿದೆ. ಅದರ ಜೊತೆ ಒಂದು ಪೇಪರ್ ಬರೆದಿದ್ದರೆ ಬಳಸಿದವರೆಲ್ಲ ಸೈಟ್ ಮಾಡುತ್ತಾರೆ. 2009ರ 'ಇಮೇಜ್‌ನೆಟ್' ಎಂಬ ಚಿತ್ರಗಳ ಡೇಟಾಸೆಟ್ ಹಾಗೆಯೇ ಬೆಳೆದದ್ದು. ಬರೀ ಕೋಡ್ ಬಿಟ್ಟವರಿಗೆ ಮಾತ್ರ ಥ್ಯಾಂಕ್ಸ್ ಅಷ್ಟೇ ಸಿಗುವುದು.

ಸೈಟೇಶನ್ ಇಲ್ಲದ ಪೇಪರ್ ಅಂದರೆ ಯಾರಿಗೂ ಬೇಡವಾದ ಪೇಪರ್ ಅಂತಲಾ?

ಕೆಲವು ಹೌದು. ಸುಮ್ನೆ ಒಪ್ಪಿಕೊಳ್ಳೋಣ.

ಆದರೆ ಉಲ್ಟಾ ಉದಾಹರಣೆಯೂ ಇದೆ. ಜರ್ಮನ್ ರಸಾಯನ ವಿಜ್ಞಾನಿ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ರಬ್ಬರ್‌ನಂಥ ವಸ್ತುಗಳು ಸಾವಿರಾರು ತುಣುಕು ಕೊಂಡಿಯಾಗಿ ಸೇರಿದ ಉದ್ದದ ಸರಪಳಿಗಳು ಅಂತ ಬರೆದರು. ಅಂದಿನ ದೊಡ್ಡವರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಅವು ಚಿಕ್ಕ ಅಣುಗಳ ಗುಂಪು ಅಷ್ಟೇ ಅಂದರು. ನೊಬೆಲ್ ಬಂದದ್ದು 1953ರಲ್ಲಿ. ಇವತ್ತು ಪಾಲಿಮರ್ ಪೇಪರ್ ಬರೆಯುವ ಯಾರೂ 'ಪಾಲಿಮರ್ ಅಂದರೆ ಸರಪಳಿ' ಅಂತ ಬರೆದು ಸ್ಟೌಡಿಂಗರ್‌ರನ್ನು ಸೈಟ್ ಮಾಡುವುದಿಲ್ಲ. ಅದು ಎಲ್ಲರ ಸ್ವತ್ತಾಗಿಬಿಟ್ಟಿದೆ, ಸೈಟೇಶನ್ ಯಂತ್ರಕ್ಕೆ ಕಾಣುವುದಿಲ್ಲ.

ನನ್ನದೇ ಪ್ರೊಫೈಲ್‌ನಲ್ಲಿ ಬೇರೆಯವರ ಪೇಪರ್‌ಗಳಿವೆ. ಏನು ಮಾಡಲಿ?

ಗೂಗಲ್ ಸ್ಕಾಲರ್‌ನಲ್ಲಿ ಲಾಗಿನ್ ಆಗಿ, ನಿಮ್ಮದಲ್ಲದ್ದಕ್ಕೆ ಟಿಕ್ ಹಾಕಿ ಅಳಿಸಿ. ಜೊತೆಗೆ ತಾನಾಗಿ ಸೇರಿಸುವ ಆಯ್ಕೆಯನ್ನು ಬದಲಿಸಿ, ಮೊದಲು ನಿಮ್ಮನ್ನು ಕೇಳುವ ಹಾಗೆ ಇಡಿ. ಇಲ್ಲದಿದ್ದರೆ ಮತ್ತೆ ಬರುತ್ತವೆ. ಸ್ಕೋಪಸ್‌ನಲ್ಲಿ ತಿದ್ದುಪಡಿ ಕೋರಬೇಕು. ಅಲ್ಲಿ ಕೆಲವೊಮ್ಮೆ ಉಲ್ಟಾ ಸಮಸ್ಯೆ ಇರುತ್ತದೆ. ಒಬ್ಬರೇ ವ್ಯಕ್ತಿ ಪಾಲಿಮರ್‌ಗೊಂದು, ವಿಷನ್‌ಗೊಂದು ಅಂತ ಎರಡು ಗುರುತುಗಳಾಗಿ ಒಡೆದುಹೋಗಿರುತ್ತಾರೆ. ನಿಜವಾಗಿ ಎರಡು ಕ್ಷೇತ್ರದಲ್ಲಿ ದುಡಿದವರಿಗೆ ಆಗುವ ನಷ್ಟ ಇದು. ಎರಡನ್ನೂ ಒಂದು ಮಾಡಿ ಅಂತ ಅಲ್ಲೇ ಕೋರಬಹುದು. ಅಳಿಸುವ ಮೊದಲು ಪಟ್ಟಿಯ ಒಂದು ಪ್ರತಿ ಇಳಿಸಿಟ್ಟುಕೊಳ್ಳಿ. ನಿಮ್ಮ ಪೇಪರನ್ನೇ ತಪ್ಪಿ ಅಳಿಸಿದರೆ ಹುಡುಕಲು ಬೇಕಾಗುತ್ತದೆ.

ಎರಡೂ ಕ್ಷೇತ್ರಕ್ಕೆ ಸೇರಿದ ಆ ಸೇತುವೆಯ ಪೇಪರನ್ನು ಯಾವ ಪಟ್ಟಿಗೆ ಹಾಕಬೇಕು?

ಡೇಟಾಬೇಸ್‌ಗಳು ಸಾಮಾನ್ಯವಾಗಿ ಜರ್ನಲ್ ನೋಡಿ ನಿರ್ಧರಿಸುತ್ತವೆ. ಪಾಲಿಮರ್ ಜರ್ನಲ್‌ನಲ್ಲಿ ಬಂದರೆ ಪಾಲಿಮರ್, ವಿಷನ್ ಕಾನ್ಫರೆನ್ಸ್‌ನಲ್ಲಿ ಬಂದರೆ ವಿಷನ್. ನಾನು ಮಾಡುವುದು ಬೇರೆ. ಅದನ್ನು ಸೈಟ್ ಮಾಡಿದವರ ಪಟ್ಟಿ ತೆರೆಯುತ್ತೇನೆ. ಹನಿಗಳ ಗಾತ್ರ ಅಳೆಯುವ ಪೇಪರನ್ನು ಪಾಲಿಮರ್‌ನವರು ಸೈಟ್ ಮಾಡುತ್ತಿದ್ದಾರಾ, ವಿಷನ್‌ನವರಾ, ಇಬ್ಬರೂನಾ? ಇಬ್ಬರೂ ಅಂದರೆ ಮೂರನೆಯ ಪಟ್ಟಿ ಮಾಡಿ ಅಲ್ಲಿ ಬರೆಯುತ್ತೇನೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಪೇಪರ್ ಇರುತ್ತವೆ, ಸೈಟೇಶನ್ ಕೂಡ ಅಷ್ಟಕ್ಕಷ್ಟೇ. ಪ್ರೊಫೈಲ್ ಕೊಟ್ಟು ಅಭಿಪ್ರಾಯ ಕೇಳಿದವರಿಗೆ ನಾನು ಮೊದಲು ಓದಿ ಅಂತ ಕೊಡುವುದು ಆ ಮೂರು ನಾಲ್ಕನ್ನೇ.